ಬೈಕ್‌ಗೆ ಎಕ್ಸ್‌ಟ್ರಾ ಲೈಟ್ ಹಾಕೋ ಮುಂಚೆ: ಫ್ಯೂಸ್, ರಿಲೇ ಮತ್ತು ಎದುರಿಗೆ ಬರೋರ ಕಣ್ಣು

(ಪಾಡ್‌ಕಾಸ್ಟ್‌ನ ಪಠ್ಯರೂಪ)

ಗಾಡಿ ಓಡಿಸ್ತಾ ಕೇಳ್ತಿದ್ರೆ ಮಾತ್ರ ದಯವಿಟ್ಟು ನಿಲ್ಲಿಸಿ, ಮನೆಗೆ ಹೋಗಿ ಕೇಳಿ. ಇವತ್ತಿನ ವಿಷಯ ಬೈಕ್‌ನ ಹೆಡ್‌ಲೈಟ್, ಅದರ ವೈರಿಂಗ್, ಫ್ಯೂಸ್, ಮತ್ತೆ ಈಗ ಎಲ್ರೂ ಹಾಕಿಸ್ಕೊಳ್ತಿರೋ ಎಕ್ಸ್‌ಟ್ರಾ ಲೈಟ್‌ಗಳು.

ಈ ವಿಷಯ ಆರಿಸ್ಕೊಂಡಿದ್ದಕ್ಕೆ ಕಾರಣ ನಮ್ಮ ಶ್ರೀಗಂಧದ ಕಾವಲ್ ಇರೋ ಜಾಗಾನೇ. ಒಂದು ಕಡೆ ಮಾಗಡಿ ರಸ್ತೆ, ಸುಂಕದಕಟ್ಟೆ. ಇನ್ನೊಂದು ಕಡೆ ನಾಗರಭಾವಿ, ರಿಂಗ್ ರಸ್ತೆ. ಪೀಣ್ಯದಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ಹನ್ನೊಂದರ ಮೇಲೆ ಮನೆಗೆ ಬರೋರು ಇದೇ ದಾರೀಲಿ ಬರ್ತಾರೆ. ಊಟ ಡೆಲಿವರಿ ಮಾಡೋ ಹುಡುಗರು ಒಂದು ಗಂಟೆ ತನಕ ಓಡಾಡ್ತಾರೆ. ಮಾಗಡಿ ರಸ್ತೆ ಹಿಡಿದು ನೈಸ್ ರಸ್ತೆ ದಾಟಿ ತಾವರೆಕೆರೆ ಕಡೆ ಹೋಗ್ತಾ ಹೋಗ್ತಾ ಬೀದಿದೀಪ ಕಮ್ಮಿ ಆಗತ್ತೆ. ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ಸಾವನದುರ್ಗಕ್ಕೆ ಹೊರಡೋ ಗುಂಪುಗಳೂ ಅದೇ ರಸ್ತೇಲಿ. ಇವರಿಗೆಲ್ಲ ಬೆಳಕು ಬೇಕು. ಅದ್ರಲ್ಲಿ ತಪ್ಪೇನಿಲ್ಲ. ಆದ್ರೆ ಆ ಬೆಳಕನ್ನ ಹೇಗೆ ಹಾಕಿಸ್ಕೊಳ್ತೀವಿ ಅನ್ನೋದ್ರ ಮೇಲೆ ಎರಡು ವಿಷಯ ನಿಂತಿದೆ. ಒಂದು, ನಿಮ್ಮ ಗಾಡಿಗೆ ಬೆಂಕಿ ಹತ್ತತ್ತಾ ಇಲ್ವಾ ಅನ್ನೋದು. ಎರಡು, ಎದುರಿಗೆ ಬರೋನು ಮನೆ ಸೇರ್ತಾನಾ ಇಲ್ವಾ ಅನ್ನೋದು.

ಮೊದಲು ಸ್ವಲ್ಪ ಲೆಕ್ಕ. ಹೆದರ್ಬೇಡಿ, ಒಂದೇ ಸೂತ್ರ. ವ್ಯಾಟ್‌ನ ವೋಲ್ಟ್‌ನಿಂದ ಭಾಗಿಸಿದ್ರೆ ಆಂಪಿಯರ್, ಅಂದ್ರೆ ವೈರ್‌ನಲ್ಲಿ ಹರಿಯೋ ಕರೆಂಟ್. ಹ್ಯಾಲೊಜೆನ್ ಬಲ್ಬ್ ಇರೋ ನಮ್ಮ ಸಾಮಾನ್ಯ ಕಮ್ಯೂಟರ್ ಬೈಕ್‌ಗಳಲ್ಲಿ ಇರೋದು 35 ವ್ಯಾಟ್ ಬಲ್ಬ್, ಎಚ್‌ಎಸ್1 ಅಂತಾರೆ. 35ನ್ನ 12ರಿಂದ ಭಾಗಿಸಿ, ಸುಮಾರು 2.9 ಆಂಪಿಯರ್. ದೊಡ್ಡ ಗಾಡಿಗಳಲ್ಲಿ ಬರೋದು ಎಚ್4 ಬಲ್ಬ್, ಹೈ ಬೀಮ್ 60 ವ್ಯಾಟ್, ಲೋ ಬೀಮ್ 55 ವ್ಯಾಟ್. 60ನ್ನ 12ರಿಂದ ಭಾಗಿಸಿದ್ರೆ 5 ಆಂಪಿಯರ್.

ಈಗ ಒಬ್ಬ ಹುಡುಗ ತನ್ನ ಸಣ್ಣ ಬೈಕ್‌ಗೆ ಎಚ್4 ಬಲ್ಬ್ ಹಾಕ್ತಾನೆ ಅಂದ್ಕೊಳ್ಳಿ. ಹೋಲ್ಡರ್‌ಗೆ ಸರಿಯಾಗಿ ಕೂರಲ್ಲ, ಅಂಚನ್ನ ಸ್ವಲ್ಪ ಉಜ್ಜಿ ಕೂರಿಸ್ತಾರೆ. ಕರೆಂಟ್ 2.9ರಿಂದ 5ಕ್ಕೆ ಹೋಯ್ತು. ‘ಬರೀ ಎರಡು ಆಂಪಿಯರ್ ಜಾಸ್ತಿ ತಾನೇ’ ಅನ್ನಿಸಬಹುದು. ಆದ್ರೆ ವೈರ್ ಬಿಸಿ ಆಗೋದು ಕರೆಂಟ್‌ನ ವರ್ಗಕ್ಕೆ ತಕ್ಕ ಹಾಗೆ. ಅಂದ್ರೆ ಅದೇ ತೆಳು ವೈರ್, ಅದೇ ಸ್ವಿಚ್, ಅದೇ ಕನೆಕ್ಟರ್‌ನಲ್ಲಿ ಮೊದಲಿಗಿಂತ ಹತ್ತಿರ ಹತ್ತಿರ ಮೂರು ಪಟ್ಟು ಬಿಸಿ. ಕೆಲವು ತಿಂಗಳಾದ್ಮೇಲೆ ಹೋಲ್ಡರ್ ಕಂದು ಬಣ್ಣಕ್ಕೆ ತಿರುಗತ್ತೆ, ಸ್ವಿಚ್ ಒಳಗಿನ ಪ್ಲಾಸ್ಟಿಕ್ ಮೆತ್ತಗಾಗತ್ತೆ, ರಿಫ್ಲೆಕ್ಟರ್ ಮೇಲೆ ಹೊಗೆ ಹಿಡಿದ ಹಾಗೆ ಮಂಕು ಬರತ್ತೆ. ಆಮೇಲೆ ಬೆಳಕು ಮೊದಲಿಗಿಂತ ಕಮ್ಮಿ.

ಇನ್ನೊಂದು ಮಾತು. ತುಂಬ ಜನ ‘ನನ್ನ ಹೆಡ್‌ಲೈಟ್ ಡಲ್ ಇದೆ, ಬಲ್ಬ್ ಚೇಂಜ್ ಮಾಡ್ಬೇಕು’ ಅಂತಾರೆ. ಎಷ್ಟೋ ಸಲ ಬಲ್ಬ್ ಸರಿಯಾಗೇ ಇರತ್ತೆ. ಬ್ಯಾಟರಿಯಿಂದ ಹೊರಟ ಕರೆಂಟ್ ಕೀ ಸ್ವಿಚ್, ಹ್ಯಾಂಡಲ್ ಸ್ವಿಚ್, ನಾಲ್ಕೈದು ಕನೆಕ್ಟರ್ ದಾಟಿ ಬಲ್ಬ್ ಹತ್ರ ಬರತ್ತೆ. ಎಂಟ್ಹತ್ತು ಮಳೆಗಾಲ ಕಂಡ ಗಾಡೀಲಿ ಈ ಒಂದೊಂದು ಜಾಗದಲ್ಲೂ ಹಸಿರು ಕಿಲುಬು ಕೂತಿರತ್ತೆ. ಅಲ್ಲಲ್ಲಿ ಸ್ವಲ್ಪ ಸ್ವಲ್ಪ ವೋಲ್ಟೇಜ್ ಸೋರಿ ಹೋಗತ್ತೆ. ಹ್ಯಾಲೊಜೆನ್ ಬಲ್ಬ್‌ಗೆ ಒಂದು ಗುಣ ಇದೆ: ವೋಲ್ಟೇಜ್ ಶೇಕಡಾ 10 ಇಳಿದ್ರೆ ಬೆಳಕು ಶೇಕಡಾ 10 ಇಳಿಯಲ್ಲ, ಸುಮಾರು 30 ಇಳಿಯತ್ತೆ. ಹಾಗಾಗಿ ಕನೆಕ್ಟರ್ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಅರ್ಥ್ ವೈರ್ ಕೂತಿರೋ ಬೋಲ್ಟ್‌ನ ಉಜ್ಜಿ ಬಿಗಿ ಮಾಡಿದ್ರೆ ಹೊಸ ಬಲ್ಬ್ ಹಾಕಿದಷ್ಟೇ ವ್ಯತ್ಯಾಸ ಕಾಣಬಹುದು. ಖರ್ಚು ಕಮ್ಮಿ, ಕಾನೂನಿನ ತಲೆನೋವೂ ಇಲ್ಲ. ದುಡ್ಡು ಹಾಕೋ ಮುಂಚೆ ಇದನ್ನ ಮಾಡಿ ನೋಡಿ.

ಈಗ ಫ್ಯೂಸ್ ವಿಷಯಕ್ಕೆ ಬರೋಣ. ಫ್ಯೂಸ್ ಇರೋದು ಯಾಕೆ? ‘ಲೈಟ್ ಕಾಪಾಡೋಕೆ’ ಅಂತಾರೆ ಹೆಚ್ಚಿನವರು. ಅಲ್ಲ. ಫ್ಯೂಸ್ ಇರೋದು ವೈರ್ ಕಾಪಾಡೋಕೆ. ಎಲ್ಲಾದ್ರೂ ವೈರ್‌ನ ಸಿಪ್ಪೆ ಸವೆದು ತಾಮ್ರ ಚಾಸಿಸ್‌ಗೆ ತಾಗಿದ್ರೆ ಬ್ಯಾಟರಿ ಒಂದೇ ಸಲಕ್ಕೆ ಹತ್ತಾರು ಆಂಪಿಯರ್ ತಳ್ಳತ್ತೆ. ಫ್ಯೂಸ್ ಆ ಕ್ಷಣ ಕರಗಿ ದಾರಿ ಕತ್ತರಿಸತ್ತೆ. ಫ್ಯೂಸ್ ಕರಗದೇ ಇದ್ರೆ ವೈರ್ ಕರಗತ್ತೆ. ಆ ವೈರ್ ಹಾದು ಹೋಗೋದು ಎಲ್ಲಿ ಗೊತ್ತಾ? ಹೆಚ್ಚಿನ ಬೈಕ್‌ಗಳಲ್ಲಿ ಪೆಟ್ರೋಲ್ ಟ್ಯಾಂಕ್ ಕೆಳಗೆ. ಅಷ್ಟು ಹೇಳಿದ್ರೆ ಸಾಕು ಅನ್ಸತ್ತೆ.

ಆದ್ರೂ ನಾವು ಏನ್ ಮಾಡ್ತೀವಿ? ಫ್ಯೂಸ್ ಹೋಯ್ತು ಅಂದ್ರೆ ತಾಮ್ರದ ಎಳೆ ಸುತ್ತಿ ಬಿಡ್ತೀವಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತೋರೂ ಇದ್ದಾರೆ. ಇಲ್ಲಾಂದ್ರೆ 10 ಆಂಪಿಯರ್ ಪದೇ ಪದೇ ಹೋಗ್ತಿದೆ ಅಂತ 30 ಹಾಕಿಸ್ತೀವಿ. ಆವಾಗ ‘ರಿಪೇರಿ ಆಯ್ತು’ ಅನ್ನಿಸತ್ತೆ. ನಿಜವಾಗಿ ಆಗಿದ್ದು ಏನಂದ್ರೆ, ಈಗ ನಿಮ್ಮ ಇಡೀ ವೈರಿಂಗೇ ಫ್ಯೂಸ್ ಆಗಿದೆ.

ಫ್ಯೂಸ್‌ಗೆ ಬಣ್ಣದ ಭಾಷೆ ಇದೆ, ಇದನ್ನ ನೆನಪಿಟ್ಕೊಳ್ಳಿ. ಈಗಿನ ಬ್ಲೇಡ್ ಫ್ಯೂಸ್‌ಗಳಲ್ಲಿ 5 ಆಂಪಿಯರ್ ಅಂದ್ರೆ ತಿಳಿ ಕಂದು, 7.5 ಅಂದ್ರೆ ಗಾಢ ಕಂದು, 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ನಿಮ್ಮ ಗಾಡಿಯ ಫ್ಯೂಸ್ ಬಾಕ್ಸ್ ಮುಚ್ಚಳ ತೆಗೆದು ಒಂದು ಫೋಟೋ ತೆಕ್ಕೊಂಡು ಫೋನಲ್ಲಿ ಇಟ್ಕೊಳ್ಳಿ. ನಾಳೆ ಯಾರಾದ್ರೂ ಕೆಂಪು ಇದ್ದ ಜಾಗಕ್ಕೆ ಹಸಿರು ಹಾಕಿದ್ರೆ ನೋಡಿದ ತಕ್ಷಣ ಗೊತ್ತಾಗತ್ತೆ.

ಫ್ಯೂಸ್ ಪದೇ ಪದೇ ಹೋಗ್ತಿದ್ರೆ? ಎಲ್ಲೋ ಶಾರ್ಟ್ ಇದೆ ಅಂತ ಅರ್ಥ. ಮೊದಲು ನೋಡ್ಬೇಕಾದ ಜಾಗ ಹ್ಯಾಂಡಲ್ ಕೆಳಗಿನ ಕುತ್ತಿಗೆ. ಹ್ಯಾಂಡಲ್ ಎಡಕ್ಕೆ ಬಲಕ್ಕೆ ತಿರುಗಿದ ಹಾಗೆಲ್ಲ ಅಲ್ಲಿನ ವೈರ್ ಕಟ್ಟು ಮಡಚಿ ಉಜ್ಜತ್ತೆ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗಲೇ ಫ್ಯೂಸ್ ಹೋದ್ರೆ ತೊಂದರೆ ಅಲ್ಲೇ ಇರೋ ಸಾಧ್ಯತೆ ಜಾಸ್ತಿ. ಹಳೇ ಮೆಕ್ಯಾನಿಕ್‌ಗಳು ಮಾಡೋ ಒಂದು ಒಳ್ಳೆ ಉಪಾಯ ಇದೆ. ಫ್ಯೂಸ್ ಜಾಗಕ್ಕೆ 21 ವ್ಯಾಟ್‌ನ ಹಳೇ ಬ್ರೇಕ್ ಲೈಟ್ ಬಲ್ಬ್‌ಗೆ ಎರಡು ವೈರ್ ಕಟ್ಟಿ ಸಿಕ್ಕಿಸ್ತಾರೆ. ಶಾರ್ಟ್ ಇದ್ರೆ ಬಲ್ಬ್ ಜೋರಾಗಿ ಉರಿಯತ್ತೆ. ಆದ್ರೆ ಎಷ್ಟೇ ಶಾರ್ಟ್ ಇದ್ರೂ ಆ ಬಲ್ಬ್ 2 ಆಂಪಿಯರ್‌ಗಿಂತ ಜಾಸ್ತಿ ಬಿಡಲ್ಲ, ಹಾಗಾಗಿ ವೈರ್ ಸುಡಲ್ಲ. ಆಮೇಲೆ ಒಂದೊಂದೇ ಕನೆಕ್ಟರ್ ಬಿಚ್ತಾ, ವೈರ್ ಕಟ್ಟನ್ನ ಅಲ್ಲಾಡಿಸ್ತಾ ಬನ್ನಿ. ಯಾವಾಗ ಬಲ್ಬ್ ಮಂಕಾಗತ್ತೋ, ತೊಂದರೆ ಇರೋದು ಆ ಜಾಗದಲ್ಲಿ. ಹತ್ತು ಫ್ಯೂಸ್ ಸುಡೋ ಬದಲು ಒಂದು ಹಳೇ ಬಲ್ಬ್.

ಸರಿ, ಈಗ ಎಕ್ಸ್‌ಟ್ರಾ ಲೈಟ್. ಜೆ.ಸಿ. ರಸ್ತೆಗೆ ಹೋದ್ರೆ ಒಂದೊಂದು ಅಂಗಡೀಲಿ ಹತ್ತು ಬಗೆ ಸಿಗತ್ತೆ. ಆನ್‌ಲೈನ್‌ನಲ್ಲಂತೂ ಕೇಳ್ಬೇಡಿ. ಡಬ್ಬಿ ಮೇಲೆ ‘120 ವ್ಯಾಟ್’ ಅಂತ ಬರೆದಿರತ್ತೆ. ಕೈಗೆ ತಗೊಂಡ್ರೆ ಬೆಂಕಿಪೊಟ್ಟಣದಷ್ಟು. ನಿಜಕ್ಕೂ 120 ವ್ಯಾಟ್ ಆದ್ರೆ ಅದು 10 ಆಂಪಿಯರ್ ಎಳೀಬೇಕು, ಅಷ್ಟು ಶಾಖ ಹೊರಗೆ ಹಾಕೋಕೆ ದೊಡ್ಡ ಅಲ್ಯೂಮಿನಿಯಂ ರೆಕ್ಕೆಗಳು ಬೇಕು. ಡಬ್ಬಿ ನಂಬ್ಬೇಡಿ. ಮಲ್ಟಿಮೀಟರ್‌ನ 10 ಆಂಪಿಯರ್ ರೇಂಜ್‌ನಲ್ಲಿ ಅಳೆದು ನೋಡೋಕೆ ಹೇಳಿ. ಎಷ್ಟು ಎಳೀತಿದೆ ಅನ್ನೋದೇ ನಿಜವಾದ ನಂಬರ್. ಫ್ಯೂಸ್ ಲೆಕ್ಕಾನೂ ಅದ್ರ ಮೇಲೇ ಮಾಡ್ಬೇಕು.

ಉದಾಹರಣೆಗೆ ಅಸಲಿ 20 ವ್ಯಾಟ್‌ನ ಎರಡು ಲೈಟ್. ಒಟ್ಟು 40 ವ್ಯಾಟ್. 12ರಿಂದ ಭಾಗಿಸಿ, 3.3 ಆಂಪಿಯರ್. ಅದಕ್ಕೆ ಕಾಲು ಭಾಗ ಸೇರಿಸಿ, ಸುಮಾರು 4.2. ಅದಕ್ಕಿಂತ ಮೇಲಿನ ಹತ್ತಿರದ ಫ್ಯೂಸ್ ಯಾವುದು? 5 ಆಂಪಿಯರ್, ತಿಳಿ ಕಂದು. ಮುಗೀತು. ಅಂಗಡಿಯವರು ‘ಇರ್ಲಿ ಬಿಡಿ ಅಣ್ಣ, 20 ಹಾಕ್ತೀನಿ’ ಅಂದ್ರೆ ಬೇಡ ಅನ್ನಿ. ಆ ಫ್ಯೂಸ್ ಬ್ಯಾಟರಿ ಹತ್ರಾನೇ ಇರ್ಬೇಕು, ಒಂದು ಗೇಣಿಗಿಂತ ದೂರ ಬೇಡ. ಲೈಟ್ ಹತ್ರ ಫ್ಯೂಸ್ ಹಾಕಿದ್ರೆ ಬ್ಯಾಟರಿಯಿಂದ ಅಲ್ಲಿ ತನಕ ಇರೋ ವೈರ್‌ಗೆ ಯಾವ ರಕ್ಷಣೆನೂ ಇಲ್ಲ.

ಮುಂದಿನದ್ದು ರಿಲೇ. ಹೆಸರು ಕೇಳಿ ಭಯ ಬೇಡ, ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್ ಅಷ್ಟೇ. ಕಾಲುಗಳ ಮೇಲೆ ನಂಬರ್ ಇರತ್ತೆ. 30ನೇ ಕಾಲಿಗೆ ಬ್ಯಾಟರಿ ಪಾಸಿಟಿವ್‌ನಿಂದ ಫ್ಯೂಸ್ ಮೂಲಕ ಬರೋ ವೈರ್. 87ರಿಂದ ಲೈಟ್‌ಗೆ. 85 ಅರ್ಥ್‌ಗೆ. 86ಕ್ಕೆ ನಿಮ್ಮ ಸ್ವಿಚ್‌ನಿಂದ ಬರೋ ಸಣ್ಣ ವೈರ್. ರಿಲೇಯ ಕಾಯಿಲ್ ಎಳೆಯೋದು ಬರೀ 0.15 ಆಂಪಿಯರ್ ಆಸುಪಾಸು. ಹಾಗಾಗಿ ಕಂಪನಿ ವೈರಿಂಗ್ ಮೇಲೆ ಹೊರೆ ಬೀಳಲ್ಲ, ಹ್ಯಾಂಡಲ್ ಸ್ವಿಚ್ ಸುಡಲ್ಲ. ರಿಲೇ ಇಲ್ಲದೆ ಹೆಡ್‌ಲೈಟ್ ವೈರ್‌ನೇ ಬ್ಲೇಡಿನಿಂದ ಕೆರೆದು, ಅದಕ್ಕೆ ಲೈಟ್ ವೈರ್ ತಿರುಚಿ, ಮೇಲೆ ಕಪ್ಪು ಟೇಪ್ ಸುತ್ತಿ ಕೊಡ್ತಾರಲ್ಲ, ಅದನ್ನ ಮಾತ್ರ ಒಪ್ಕೋಬೇಡಿ. ಬಿಸಿಲಿಗೆ ಆ ಟೇಪ್‌ನ ಅಂಟು ಕರಗಿ ಬಿಚ್ಕೊಳ್ಳತ್ತೆ. ಕ್ರಿಂಪ್ ಮಾಡಿದ ಟರ್ಮಿನಲ್, ಮೇಲೆ ಹೀಟ್‌ಶ್ರಿಂಕ್ ಕೊಳವೆ, ವೈರ್‌ಗೆ ಹೊದಿಕೆ. ಕೇಳಿ ಮಾಡಿಸ್ಕೊಳ್ಳಿ. ಸ್ವಲ್ಪ ದುಡ್ಡು ಜಾಸ್ತಿ ಆಗಬಹುದು, ಕೊಡಿ.

86ಕ್ಕೆ ಕರೆಂಟ್ ಎಲ್ಲಿಂದ ತರೋದು ಅನ್ನೋದು ಬಹಳ ಮುಖ್ಯ. ನನ್ನ ಸಲಹೆ: ಸ್ವಿಚ್ ಮೂಲಕ ಹೈ ಬೀಮ್ ವೈರ್‌ನಿಂದ ತನ್ನಿ. ಆಗ ಏನಾಗತ್ತೆ? ಎದುರಿಗೆ ಗಾಡಿ ಬಂದಾಗ ನೀವು ಡಿಪ್ ಮಾಡಿದ ತಕ್ಷಣ ಎಕ್ಸ್‌ಟ್ರಾ ಲೈಟೂ ತಾನಾಗೇ ಆರತ್ತೆ. ಇನ್ನೊಂದು ಸ್ವಿಚ್ ಹುಡುಕೋ ಕೆಲಸ ಇಲ್ಲ. ಒಂದು ಎಚ್ಚರಿಕೆ ಇದೆ. ಕೆಲವು ಹಳೇ ಬೈಕ್‌ಗಳಲ್ಲಿ ಹೆಡ್‌ಲೈಟ್‌ಗೆ ಬ್ಯಾಟರಿಯಿಂದ ಕರೆಂಟ್ ಬರಲ್ಲ, ಮ್ಯಾಗ್ನೆಟ್ ಕಾಯಿಲ್‌ನಿಂದ ನೇರವಾಗಿ ಎಸಿ ಬರತ್ತೆ. ಆಕ್ಸಿಲರೇಟರ್ ತಿರುವಿದ್ರೆ ಬೆಳಕು ಜಾಸ್ತಿ, ಬಿಟ್ರೆ ಕಮ್ಮಿ ಆಗೋ ಗಾಡಿಗಳು ಇವೇ. ಅಂಥ ವೈರ್‌ಗೆ ರಿಲೇ ಕೊಟ್ರೆ ಅದು ‘ಕಟಕಟ’ ಅಂತ ಬಡ್ಕೊಳ್ಳತ್ತೆ, ಎಲ್‌ಇಡಿ ಕೊಟ್ರೆ ಮಿಣುಕತ್ತೆ. ಅಲ್ಲಿ ಕೀ ಆನ್ ಮಾಡಿದ್ಮೇಲೆ ಡಿಸಿ ಬರೋ ಬೇರೆ ವೈರ್ ಹುಡುಕ್ಬೇಕು.

‘ಅಣ್ಣ, ಬ್ಯಾಟರಿ ಇಳಿಯತ್ತಾ?’ ಅಂತ ತುಂಬ ಜನ ಕೇಳ್ತಾರೆ. ಇಳಿಯಬಹುದು. ಸಣ್ಣ ಬೈಕ್‌ಗಳ ಬ್ಯಾಟರಿ 3ರಿಂದ 5 ಆಂಪಿಯರ್-ಅವರ್ ಅಷ್ಟೇ. ಇಂಜಿನ್ ಆಫ್ ಮಾಡಿ 40 ವ್ಯಾಟ್ ಲೈಟ್ ಉರಿಸಿದ್ರೆ ಒಂದು ಗಂಟೆ ಬರೋದೇ ಕಷ್ಟ. ಇಂಜಿನ್ ಓಡ್ತಿರೋವಾಗ ಸಾಕಾಗತ್ತಾ ಅಂತ ನೋಡೋಕೆ ಮಲ್ಟಿಮೀಟರ್ ಬ್ಯಾಟರಿಗೆ ಇಡಿ. ಇಂಜಿನ್ ಆಫ್ ಇದ್ದಾಗ ಒಳ್ಳೆ ಬ್ಯಾಟರಿ 12.6 ವೋಲ್ಟ್ ಸುತ್ತಮುತ್ತ ತೋರಿಸತ್ತೆ. ಎಲ್ಲ ಲೈಟ್ ಹಾಕಿ, ಓಡಿಸೋ ವೇಗದಷ್ಟು ಆಕ್ಸಿಲರೇಟರ್ ಕೊಟ್ಟಾಗ 13.5ರಿಂದ 14.5ರ ಒಳಗೆ ಇದ್ರೆ ನಿಶ್ಚಿಂತೆ. 12.6ಕ್ಕಿಂತ ಕೆಳಗೆ ಇಳೀತಿದ್ರೆ ನೀವು ಬ್ಯಾಟರಿ ತಿಂತಿದ್ದೀರಿ ಅಂತ ಅರ್ಥ. ರಾತ್ರಿ ಹೊತ್ತು ಸಿಗ್ನಲ್‌ಗಳಲ್ಲೇ ಅರ್ಧ ಗಂಟೆ ಕಳೆಯೋ ಡೆಲಿವರಿ ಹುಡುಗರು ಇದನ್ನ ಆಮೆವೇಗದಲ್ಲೂ, ಅಂದ್ರೆ ಇಂಜಿನ್ ಐಡಲ್‌ನಲ್ಲಿ ಇದ್ದಾಗಲೂ ಅಳೆದು ನೋಡಿ. ಎಲೆಕ್ಟ್ರಿಕ್ ಸ್ಕೂಟರ್ ಇರೋರಿಗೆ ಒಂದೇ ಮಾತು: ದೊಡ್ಡ ಬ್ಯಾಟರಿಯ ವೈರ್‌ಗೆ ಯಾರನ್ನೂ ಕೈ ಹಾಕೋಕೆ ಬಿಡ್ಬೇಡಿ.

ಇಷ್ಟು ಹೊತ್ತು ನಮ್ಮ ಗಾಡಿ ವಿಷಯ ಆಯ್ತು. ಈಗ ಎದುರಿಗೆ ಬರೋರ ವಿಷಯ.

ಹ್ಯಾಲೊಜೆನ್ ಹೆಡ್‌ಲೈಟ್ ಒಳಗಿನ ರಿಫ್ಲೆಕ್ಟರ್ ಇದೆಯಲ್ಲ, ಅದನ್ನ ಮಾಡಿರೋದು ಬಲ್ಬ್‌ನ ತಂತಿ ಒಂದು ನಿಖರವಾದ ಜಾಗದಲ್ಲಿ ಇರತ್ತೆ ಅನ್ನೋ ಲೆಕ್ಕದಲ್ಲಿ. ಒಂದೆರಡು ಮಿಲಿಮೀಟರ್ ಆಚೀಚೆ ಆದ್ರೂ ಬೆಳಕು ಎಲ್ಲೆಲ್ಲಿಗೋ ಚೆಲ್ಲತ್ತೆ. ಆ ಜಾಗಕ್ಕೆ ಅಗ್ಗದ ಎಲ್‌ಇಡಿ ಬಲ್ಬ್ ಹಾಕಿದಾಗ ಚಿಪ್‌ಗಳು ಆ ತಂತಿಯ ಜಾಗದಲ್ಲಿ ಕೂತಿರಲ್ಲ. ಕೂತ್ಕೊಂಡು ನೋಡಿದ್ರೆ ‘ಆಹಾ, ಬಿಳೀ ಬೆಳಕು’ ಅನ್ನಿಸತ್ತೆ, ಯಾಕಂದ್ರೆ ಮುಂದಿನ ಹತ್ತಡಿ ಬೆಳಗಿರತ್ತೆ. ಆದ್ರೆ ದೂರಕ್ಕೆ ಬೀಳ್ಬೇಕಾದ ಬೆಳಕು ಮೇಲಕ್ಕೆ, ಎದುರಿನವರ ಮುಖಕ್ಕೆ ಹೋಗಿರತ್ತೆ. ನಿಮಗೂ ಲಾಭ ಇಲ್ಲ, ಅವರಿಗೂ ಕಣ್ಣು ಹೋಯ್ತು.

ಅವರಿಗೆ ಏನಾಗತ್ತೆ ಅಂತ ಲೆಕ್ಕ ಹಾಕೋಣ. ಗಂಟೆಗೆ 60 ಕಿಲೋಮೀಟರ್ ವೇಗ ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಣ್ಣು ಕುಕ್ಕಿ ಮೂರು ಸೆಕೆಂಡ್ ಏನೂ ಕಾಣದೇ ಇದ್ರೆ 50 ಮೀಟರ್ ಕುರುಡಾಗಿ ಓಡಿಸಿದ ಹಾಗೆ. ಆ 50 ಮೀಟರ್‌ನಲ್ಲಿ ಬಣ್ಣ ಮಾಸಿದ ಹಂಪ್ ಇರಬಹುದು, ಕೇಬಲ್‌ಗೆ ಅಗೆದ ಗುಂಡಿ ಇರಬಹುದು, ರಸ್ತೆ ದಾಟ್ತಿರೋ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಇರಬಹುದು, ರಿಫ್ಲೆಕ್ಟರ್ ಇಲ್ಲದೆ ನಿಂತ ಲಾರಿ ಇರಬಹುದು. ಡಿಕ್ಕಿ ಆದ್ರೆ ‘ಲಾರಿಗೆ ಗುದ್ದಿ ಸವಾರ ಸಾವು’ ಅಂತ ಸುದ್ದಿ ಬರತ್ತೆ. ಕಣ್ಣು ಕುಕ್ಕಿದ ಗಾಡಿ ಆಗ್ಲೇ ಎರಡು ಕಿಲೋಮೀಟರ್ ಮುಂದೆ ಹೋಗಿರತ್ತೆ. ಅವನಿಗೆ ಗೊತ್ತೂ ಆಗಲ್ಲ.

ಇದೇ ಕಾರಣಕ್ಕೆ 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕೋ ಎಲ್‌ಇಡಿ ಲೈಟ್‌ಗಳ ವಿರುದ್ಧ ರಾಜ್ಯದಾದ್ಯಂತ ಕಾರ್ಯಾಚರಣೆ ಮಾಡಿದ್ದು. ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆ ನೋಡ್ಕೊಳ್ತಿದ್ದ ಎಡಿಜಿಪಿ ಅಲೋಕ್ ಕುಮಾರ್, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 177ರ ಅಡಿ ಕೇಸ್ ಹಾಕ್ತೀವಿ ಅಂತ ಮೊದಲೇ ಹೇಳಿದ್ರು. 2019ರ ತಿದ್ದುಪಡಿ ಪ್ರಕಾರ ಈ ಸೆಕ್ಷನ್‌ನಲ್ಲಿ ಮೊದಲ ಸಲ 500 ರೂಪಾಯಿ ತನಕ, ಮತ್ತೆ ಸಿಕ್ಕಿಬಿದ್ರೆ 1500 ರೂಪಾಯಿ ತನಕ ದಂಡ. ‘ಅಷ್ಟೇ ತಾನೇ’ ಅನ್ನೋರು ಇನ್ನೊಂದನ್ನೂ ಕೇಳಿ. ಅನುಮತಿ ಇಲ್ಲದ ಬದಲಾವಣೆ ಮಾಡಿಸಿದ ಮಾಲೀಕರಿಗೆ ಸೆಕ್ಷನ್ 182ಎ ಇದೆ. ಒಂದೊಂದು ಬದಲಾವಣೆಗೂ 5000 ರೂಪಾಯಿ, ಅಥವಾ ಆರು ತಿಂಗಳ ತನಕ ಜೈಲು, ಅಥವಾ ಎರಡೂ.

ಬೆಳಕು ಹೇಗಿರ್ಬೇಕು ಅಂತಾನೂ ನಿಯಮ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ. ಲೈಟ್‌ನಿಂದ 8 ಮೀಟರ್ ಮುಂದೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣು ಇರೋ ವ್ಯಕ್ತಿಗೆ ಕುಕ್ಕದ ಹಾಗೆ ಬೆಳಕು ಕೆಳಕ್ಕೆ ಬಾಗಿರ್ಬೇಕು ಅನ್ನತ್ತೆ. ಒಂದೂವರೆ ಮೀಟರ್ ಅಂದ್ರೆ ಏನು? ಹೆಚ್ಚು ಕಮ್ಮಿ ಎದುರಿಗೆ ಸ್ಕೂಟರ್‌ನಲ್ಲಿ ಕೂತು ಬರ್ತಿರೋ ನಿಮ್ಮ ಅಮ್ಮನ ಕಣ್ಣಿನ ಎತ್ತರ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಇಂಜಿನ್ ಶುರುವಾದ್ರೆ ಹೆಡ್‌ಲೈಟ್ ತಾನಾಗೇ ಉರೀಬೇಕು ಅನ್ನೋ ನಿಯಮಾನೂ ಬಂತು, ನೆನಪಿದ್ಯಲ್ಲ? ಅಂದ್ರೆ ನಮ್ಮ ಲೈಟ್ ಹಗಲೂ ರಾತ್ರಿ ಇನ್ನೊಬ್ಬರ ಕಣ್ಣೆದುರಿಗೆ ಇರತ್ತೆ.

ಹಾಗಾದ್ರೆ ಸೆಟ್ ಮಾಡೋದು ಹೇಗೆ? ಒಂದು ಗೋಡೆ, ಒಂದು ಟೇಪು, ಒಂದು ಸೀಮೆಸುಣ್ಣ ಸಾಕು. ಬೀದಿ ಸಮತಟ್ಟಾಗಿರೋ ಕಡೆ ಒಂದು ಕಾಂಪೌಂಡ್ ಗೋಡೆ ನೋಡಿ, ಮನೆಯವರನ್ನ ಒಂದ್ಮಾತು ಕೇಳಿ. ಟೈರ್‌ಗೆ ಸರಿಯಾಗಿ ಗಾಳಿ ಇರ್ಲಿ. ಗೋಡೆಯಿಂದ 5 ಮೀಟರ್ ದೂರಕ್ಕೆ ಬೈಕ್ ನೇರವಾಗಿ ನಿಲ್ಲಿಸಿ, ಸ್ಟ್ಯಾಂಡ್ ತೆಗೆದು ನೀವು ಮೇಲೆ ಕೂತಿರ್ಬೇಕು. ದಿನಾ ಹಿಂದೆ ಯಾರಾದ್ರೂ ಕೂರ್ತಾರೆ ಅಂದ್ರೆ ಅವರೂ ಕೂತಿರ್ಲಿ, ಯಾಕಂದ್ರೆ ಹಿಂದೆ ಭಾರ ಬಿದ್ರೆ ಮುಂದಿನ ಲೈಟ್ ಮೇಲಕ್ಕೆ ನೋಡತ್ತೆ. ಗೆಳೆಯರೊಬ್ಬರು ಹೆಡ್‌ಲೈಟ್‌ನ ಮಧ್ಯಭಾಗ ನೆಲದಿಂದ ಎಷ್ಟು ಎತ್ತರ ಇದೆ ಅಂತ ಅಳೆದು ಗೋಡೆ ಮೇಲೆ ಗೆರೆ ಹಾಕ್ಲಿ. ಅದಕ್ಕಿಂತ 5 ಸೆಂಟಿಮೀಟರ್ ಕೆಳಗೆ ಇನ್ನೊಂದು ಗೆರೆ. ಲೋ ಬೀಮ್‌ನ ಮೇಲಂಚು ಈ ಕೆಳಗಿನ ಗೆರೆ ದಾಟಿ ಮೇಲೆ ಹೋಗ್ಬಾರದು. ಹೋದ್ರೆ ಹೆಡ್‌ಲೈಟ್ ಕೆಳಗಿನ ಸ್ಕ್ರೂ ತಿರುಗಿಸಿ ಇಳಿಸಿ. ಹತ್ತು ನಿಮಿಷದ ಕೆಲಸ. ಎಕ್ಸ್‌ಟ್ರಾ ಲೈಟ್ ಇದ್ರೆ ಅದನ್ನ ಹೆಡ್‌ಲೈಟ್‌ಗಿಂತ ಕೆಳಗೆ ಕೂರಿಸಿ, ಇನ್ನೂ ಸ್ವಲ್ಪ ನೆಲ ನೋಡೋ ಹಾಗೆ ಬಗ್ಗಿಸಿ.

ಮಂಜಿಗೆ ಹಳದಿ ಲೈಟ್ ಒಳ್ಳೇದಾ ಅಂತ ಸಾವನದುರ್ಗಕ್ಕೆ, ಚಿಕ್ಕಮಗಳೂರಿಗೆ ಹೋಗೋರು ಕೇಳ್ತಾರೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಬಹಳ ದೊಡ್ಡದು, ಹಾಗಾಗಿ ಬಿಳಿ, ಹಳದಿ ಎರಡನ್ನೂ ಹೆಚ್ಚು ಕಮ್ಮಿ ಒಂದೇ ಥರ ಚದುರಿಸತ್ತೆ. ಹಳದಿ ಕಣ್ಣಿಗೆ ಸ್ವಲ್ಪ ತಂಪು ಅನ್ನಿಸಬಹುದು. ನಿಜವಾಗಿ ಕೆಲಸ ಮಾಡೋದು ಲೈಟ್ ಕೆಳಗಿರೋದು, ಬೀಮ್ ಅಗಲವಾಗಿ ಚಪ್ಪಟೆಯಾಗಿ ಇರೋದು. ಮಂಜಲ್ಲಿ ಹೈ ಬೀಮ್ ಹಾಕಿದ್ರೆ ಎದುರಿಗೆ ಬಿಳೀ ಗೋಡೆ ಎದ್ದ ಹಾಗೆ ಆಗೋದು ಅದಕ್ಕೇ. ಎಷ್ಟು ದೂರ ಕಾಣತ್ತೋ ಅಷ್ಟರಲ್ಲಿ ನಿಲ್ಲಿಸೋಕಾಗೋ ವೇಗದಲ್ಲಿ ಹೋಗಿ. ಅದಕ್ಕೆ ಬದಲಿಯಾಗಿ ಯಾವ ಲೈಟೂ ಅಂಗಡೀಲಿ ಸಿಗಲ್ಲ.

ಕೊನೆಗೆ ಈ ಭಾನುವಾರಕ್ಕೆ ಮೂರು ಕೆಲಸ. ಫ್ಯೂಸ್ ಬಾಕ್ಸ್ ತೆಗೆದು ಬಣ್ಣ ನೋಡಿ, ತಾಮ್ರದ ಎಳೆ ಇದ್ರೆ ಇವತ್ತೇ ತೆಗೀರಿ, ಹೊಸ ಫ್ಯೂಸ್‌ಗೆ ಒಂದು ಟೀ ಕಾಸು ಅಷ್ಟೇ. ಹೆಡ್‌ಲೈಟ್ ಗಾಜು ಒರೆಸಿ, ಕನೆಕ್ಟರ್ ಕ್ಲೀನ್ ಮಾಡಿ. ರಾತ್ರಿ ಗೋಡೆ ಮುಂದೆ ನಿಂತು ಬೀಮ್ ಇಳಿಸಿ. ಇದೆಲ್ಲ ಮಾಡಿದ್ಮೇಲೂ ಬೆಳಕು ಸಾಲದು ಅನ್ನಿಸಿದ್ರೆ ಎಕ್ಸ್‌ಟ್ರಾ ಲೈಟ್ ಬಗ್ಗೆ ಯೋಚಿಸಿ, ಅದೂ ಫ್ಯೂಸ್ ಮತ್ತು ರಿಲೇ ಜೊತೆಗೆ, ಕಾನೂನಿನ ಒಳಗೆ.

ಗಾಡಿ ಬಗ್ಗೆ ಗೊತ್ತಿರೋ ಒಬ್ಬ ಗೆಳೆಯನಿಗೆ ಮತ್ತೆ ಗೊತ್ತಿಲ್ಲದ ಒಬ್ಬ ಗೆಳೆಯನಿಗೆ ಈ ಎಪಿಸೋಡ್ ಕಳಿಸಿ. ಮುಂದಿನ ವಾರ ಬ್ರೇಕ್ ಬಗ್ಗೆ ಮಾತಾಡೋಣ. ಅಲ್ಲಿ ತನಕ, ಎದುರಿಗೆ ಗಾಡಿ ಬಂದ್ರೆ ಡಿಪ್ ಮಾಡಿ.